ಎಂಟನೇ ಪಿನ್ನು

ಬಾಗಿಲು ಹಾಕಿ. ಒಲೆಗೆ ಇನ್ನೆರಡು ಬೆರಣಿ ಒಟ್ಟಿ. ದೀಪ ಬೇಡ... ಇದನ್ನು ಬೆಳಕಲ್ಲಿ ಹೇಳಿದರೆ ನೀವು ನನ್ನ ಮುಖ ನೋಡಿ ನಗುತ್ತೀರಿ.

ತೋಳವನ್ನು ಟೋಪಿಯಿಂದ ಹೊಡೆದು ಕೊಂದೆ ಅಂದಿದ್ದೆನಲ್ಲ, ಅದರಲ್ಲಿ ಅರ್ಧ ಸುಳ್ಳು. ತೋಳ ಮುದಿಯಾಗಿತ್ತು. ಬೋರಾಶು ಘಾಟಿಯನ್ನು ಕುದುರೆ ಮೇಲೆ ನಿದ್ದೆ ಹೊಡೆಯುತ್ತಲೇ ದಾಟಿದೆ ಅಂದಿದ್ದೆ. ಅದೂ ಅಷ್ಟೇ, ಒಂದು ಕಣ್ಣು ತೆರೆದಿತ್ತು. ಆದರೆ ಈಗ ಹೇಳುವುದು ನನ್ನ ತಂಗಿ ಸೈರಾಳ ಮಗ ಮೆಲಿಸ್‌ಗೆ ಆದದ್ದು. ಇದಕ್ಕೆ ನಾನು ಒಂದು ಚಿಟಿಕೆ ಉಪ್ಪೂ ಸೇರಿಸಿಲ್ಲ.

ನವೆಂಬರ್ ತಿಂಗಳು, ಬುಧವಾರ ರಾತ್ರಿ. ಮೆಲಿಸ್ ಹೆಗಲ ಮೇಲೆ ಲಾರಿಯ ಆಕ್ಸಲ್ ಸರಳು ಹೊತ್ತು ಊರ ಕಡೆ ನಡೆದು ಬರುತ್ತಿದ್ದ. ಒಬ್ಬನೇ. ಕಾಲ ಕೆಳಗೆ ಹೆಪ್ಪುಗಟ್ಟಿದ ಮಣ್ಣು ಕಿರುಕ್... ಕಿರುಕ್... ಎನ್ನುತ್ತಿತ್ತು. ಸರಳಿನ ಮುಂದಿನ ತುದಿಯನ್ನು ಕೈಯಲ್ಲಿ ಹಿಡಿದಿದ್ದ, ಹಿಂದಿನ ತುದಿ ಬೆನ್ನ ಹಿಂದೆ ಜೋತು ಹೆಗಲ ಮೂಳೆಯನ್ನು ಒತ್ತುತ್ತಿತ್ತು.

ಆ ಸರಳು ಎಲ್ಲಿಯದು ಅಂದರೆ, ಬೋರಾಶುವಿನ ಒಂಬತ್ತನೇ ತಿರುವಿನ ಕೆಳಗಿನ ಪ್ರಪಾತದ್ದು. ಅಲ್ಲಿ ಒಂದು ಲಾರಿ ಬಿದ್ದು ಇಪ್ಪತ್ತು ವರ್ಷ ಆಗಿತ್ತು. ಓಡಿಸುತ್ತಿದ್ದವನು ಯಾವ ಊರಿನವನೋ, ಏನು ಹೆಸರೋ... ಕಾಗದಪತ್ರವನ್ನೆಲ್ಲ ಹೊಳೆ ಒಯ್ದಿತ್ತು. ನಾವೇ ಅವನನ್ನು ಎತ್ತಿ ತಂದು ಊರ ಗೋರಿಗಳ ಅಂಚಿನಲ್ಲಿ ಮಣ್ಣು ಮಾಡಿದೆವು. ಹುಡುಕಿಕೊಂಡು ಯಾರೂ ಬರಲಿಲ್ಲ. ಕ್ರಮೇಣ ಅವನನ್ನು ಮರೆತೆವು. ಲಾರಿಯನ್ನು ಮಾತ್ರ ಮರೆಯಲಿಲ್ಲ! ಬಾಗಿಲು ಒಬ್ಬರ ಕುರಿದೊಡ್ಡಿಗೆ ಗೇಟಾಯಿತು. ಬಾನೆಟ್ಟು ಇನ್ನೊಬ್ಬರ ಕೋಳಿಗೂಡಿಗೆ ಸೂರಾಯಿತು. ಸೀಟು... ಇಗೋ, ನಾನು ಕೂತಿರುವುದು ಅದೇ. ಸತ್ತ ಕುದುರೆಯನ್ನು ತೋಳಗಳು ತಿಂದ ಹಾಗೆ ತಿಂದು ಮುಗಿಸಿದ್ದೆವು. ಉಳಿದಿದ್ದದ್ದು ಆ ಸರಳೊಂದೇ.

ಊರಿಗೆ ಕಾಲು ಗಂಟೆಯ ದಾರಿ ಇರುವಾಗ ಹಳೇ ಒರತೆ ಸಿಗುತ್ತದೆ. ಅದರ ಮೇಲೆ ಬಾಗಿದ ಮುದಿ ವಿಲೋ ಮರ, ಕೊಂಬೆ ತುಂಬ ಹರಕೆಯ ಚಿಂದಿಗಳು. ಗಾಳಿ ಇರಲಿಲ್ಲ. ಚಿಂದಿಗಳು ಅಲ್ಲಾಡುತ್ತಿರಲಿಲ್ಲ. ಒರತೆಯ ನೀರು ಮಂಜುಗಡ್ಡೆಯ ಕೆಳಗೆ ಗುಳುಕ್... ಗುಳುಕ್... ಎಂದು ನುಂಗಿಕೊಳ್ಳುತ್ತಿತ್ತು.

"ಭಾರನಾ?"

ಪಿಸುಮಾತು. ಬೆನ್ನ ಹಿಂದೆ, ಕಿವಿಗೆ ಹತ್ತಿರ.

"ಹೂಂ" ಅಂದ ಮೆಲಿಸ್. ದಣಿದಿದ್ದ ನೋಡಿ, ಯಾರೋ ಊರವರೇ ಅಂದುಕೊಂಡ. ಅಂದ ಮೇಲೆ ಅವನಿಗೆ ಹೊಳೆಯಿತು. ಹಿಂದೆ ಹೆಜ್ಜೆ ಸದ್ದೇ ಇರಲಿಲ್ಲವಲ್ಲ...

ಅಷ್ಟರಲ್ಲಿ ಸರಳಿನ ಹಿಂದಿನ ತುದಿ ಮೇಲೆದ್ದಿತು.

ಮೆಲ್ಲಗೆ. ಯಾರೋ ತಮ್ಮ ಹೆಗಲ ಮೇಲೆ ಇಟ್ಟುಕೊಂಡ ಹಾಗೆ. ಮೆಲಿಸ್‌ನ ಹೆಗಲಿನಿಂದ ಅರ್ಧ ಭಾರ ಇಳಿಯಿತು. ಅವನು ತಿರುಗಲಿಲ್ಲ. ನಿಲ್ಲಲೂ ಇಲ್ಲ. ಕಿರುಕ್, ಕಿರುಕ್, ತನ್ನ ಹೆಜ್ಜೆ ಮಾತ್ರ. ಮನೆಯ ಗೇಟು ಮುಟ್ಟಿದಾಗ ಹಿಂದಿನ ತುದಿ ದೊಪ್ ಎಂದು ನೆಲಕ್ಕೆ ಬಿತ್ತು.

ಒಳಗೆ ಹೋಗಿ ಹೆಂಡತಿ ಬುರುಲ್‌ಗೆ ಏನೂ ಹೇಳಲಿಲ್ಲ. "ದಾರಿ ಬೇಗ ಸವೀತು" ಅಂದ, ಅಷ್ಟೇ.

ಈಗ ಅವನಿಗೆ ಸರಳು ಯಾಕೆ ಬೇಕಿತ್ತು, ಕೇಳಿ. ಆ ವರ್ಷ ಸೈರಾ ಬೇಸಿಗೆಗೆ ಚಿಕ್ಕ ಮಗನ ಜೊತೆ ಬೋರಾಶುವಿನ ಆಚೆ ಕುರಿ ಮೇಯಿಸುವ ಹುಲ್ಲುಗಾವಲಿಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಕಾಲು ಬಾತು ಕುದುರೆ ಏರುವ ಹಾಗಿರಲಿಲ್ಲ. ಎರಡು ಕಣ್ಣಿಗೂ ಪೊರೆ. ರಾತ್ರಿಯಿಡೀ ಕೆಮ್ಮು. ಮೊದಲ ದೊಡ್ಡ ಹಿಮ ಬಿದ್ದರೆ ಘಾಟಿ ಮುಚ್ಚುತ್ತದೆ, ತೆರೆಯುವುದು ಏಪ್ರಿಲ್‌ಗೆ. ಅಷ್ಟು ದಿನ ಅವಳು ಅಲ್ಲಿ ಬದುಕುವುದಿಲ್ಲ ಅಂತ ನನಗೂ ಗೊತ್ತಿತ್ತು, ಮೆಲಿಸ್‌ಗೂ ಗೊತ್ತಿತ್ತು. ರೇಡಿಯೋದಲ್ಲಿ ಶುಕ್ರವಾರ ರಾತ್ರಿ ಹಿಮ ಅಂದಿದ್ದರು. ಬಾಡಿಗೆ ಗಾಡಿಯವರು ಯಾರೂ ಒಪ್ಪಲಿಲ್ಲ.

ಮೆಲಿಸ್ ಹತ್ತಿರ ಇದ್ದದ್ದು ನಾಲ್ಕೂ ಚಕ್ರ ಎಳೆಯುವ ಒಂದು ಹಳೇ ರಷ್ಯನ್ ಜೀಪು. ಅದನ್ನು ಮನೆ ಹಿತ್ತಲಲ್ಲೇ ಬಿಚ್ಚಿ ಕಟ್ಟುತ್ತಿದ್ದ. ನೀರಿನ ಪೈಪು ಬಗ್ಗಿಸಿ ಮುಂದಿನ ಬಂಪರ್ ಮಾಡಿದ. ನೇಗಿಲ ಉಕ್ಕಿನ ಹಾಳೆ ತಂದು ಇಂಜಿನ್ನಿನ ಹೊಟ್ಟೆಗೆ ಕವಚ ಹಾಕಿದ. ಕಲ್ಲು ದಾಟಲಿ ಅಂತ ದೊಡ್ಡ ಚಕ್ರ ತೊಡಿಸಿ, ಗಾಡಿಯನ್ನು ಒಂದು ಗೇಣು ಎತ್ತರಿಸಲು ಕಮಾನ್ ಪಟ್ಟಿಗಳಿಗೆ ಉದ್ದನೆಯ ಕೊಂಡಿಗಳನ್ನು ತಾನೇ ಕತ್ತರಿಸಿ ಮಾಡಿದ.

"ಮನೇಲಿ ಇಸ್ತ್ರಿಪೆಟ್ಟಿಗೆ ಕಾಣ್ತಿಲ್ಲ ಮಾವ" ಅಂದಿದ್ದಳು ಬುರುಲ್ ನನ್ನ ಹತ್ತಿರ. "ಜೀಪಿನೊಳಗೆ ಹುಡುಕಿ, ಎಲ್ಲೋ ಬೆಸುಗೆ ಹಾಕಿರ್ತಾರೆ."

"ಇದು ಜೀಪಲ್ಲಮ್ಮ, ಕೆಸರಿಗೆ ಹೆದರಿದ ಕೋಳಿ" ಅಂದೆ ನಾನು. ಮೆಲಿಸ್ ನಗಲಿಲ್ಲ. ಆ ವಾರ ಅವನು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ಕೊಂಡಿಗೆ ಎರಡೆರಡು ಪಿನ್ನು, ಒಟ್ಟು ಎಂಟು. ಇಡೀ ಗಾಡಿ ನಿಲ್ಲುವುದು ಬೆರಳು ದಪ್ಪದ ಆ ಎಂಟು ಪಿನ್ನುಗಳ ಮೇಲೆ. ಅದಕ್ಕೆ ಲಾರಿಯ ಆಕ್ಸಲ್‌ನಂಥ ಉಕ್ಕೇ ಬೇಕು.

ಗುರುವಾರ ಬೆಳಿಗ್ಗೆ ಬುರುಲ್ ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಪಕ್ಕದ ಊರಿಗೆ ಹೊರಟಳು. ಹೊರಡುವಾಗ ಹೇಳಿದಳು, "ಇವತ್ತು ಗುರುವಾರ. ಸಂಜೆ ಎಣ್ಣೆ ವಾಸನೆ ಬಿಡೋದು ಮರೀಬೇಡಿ. ಹಿಟ್ಟು ಕಲೆಸಿಟ್ಟಿದೀನಿ. ಏಳೇ ಏಳು ರೊಟ್ಟಿ ಕರೀರಿ, ನಿಮ್ಮಪ್ಪನ ಹೆಸರು ಹೇಳಿ. ಅಷ್ಟು ಮಾಡೋಕೆ ಕೈ ಸವೆಯಲ್ಲ."

"ಆಯ್ತು ಹೋಗೇ."

ಗುರುವಾರ ಸಂಜೆ ನಮ್ಮ ಸತ್ತವರು ಹಸಿದು ಬರುತ್ತಾರೆ. ಅವರು ರೊಟ್ಟಿ ತಿನ್ನುವುದಿಲ್ಲ. ಕಾದ ಎಣ್ಣೆಯ ವಾಸನೆ ಕುಡಿದು ಹೋಗುತ್ತಾರೆ. ಅದಕ್ಕೇ ಎಣ್ಣೆ ಕಾಯಿಸುವಾಗ ಹೆಸರು ಹೇಳಬೇಕು. ಹೆಸರು ಹೇಳದ ವಾಸನೆಗೆ ಹೆಸರಿದ್ದವರು ಬರುವುದಿಲ್ಲ.

ಮೆಲಿಸ್ ಮರೆತ. ದಿನವಿಡೀ ಸರಳು ಕತ್ತರಿಸಿ, ಅರದಿಂದ ಉಜ್ಜಿ, ಎಂಟು ಪಿನ್ನು ಮಾಡಿದ. ಕತ್ತಲಾದ ಮೇಲೆ ಕುಲುಮೆ ಹೊತ್ತಿಸಿದ. ಇನ್ನು ಉಳಿದದ್ದು ಕೆಂಪಗೆ ಕಾಯಿಸಿ ಅದ್ದಿ ಗಟ್ಟಿ ಮಾಡುವುದು. ನೀರಿಗೆ ಅದ್ದಿದರೆ ಆ ಉಕ್ಕು ಬಿರಿಯುತ್ತದೆ, ಎಣ್ಣೆಯೇ ಆಗಬೇಕು. ಸುಟ್ಟ ಇಂಜಿನ್ ಎಣ್ಣೆಯ ಡಬ್ಬ ನೋಡಿದರೆ... ತಳ ತೂತಾಗಿ ಖಾಲಿ.

ಅಡುಗೆಮನೆಗೆ ಹೋದ. ಬುರುಲ್‌ಳ ಬಾಣಲೆ ಒಲೆ ಪಕ್ಕದಲ್ಲಿತ್ತು. ಹತ್ತಿಬೀಜದ ಎಣ್ಣೆ, ಕುರಿಬಾಲದ ಕೊಬ್ಬು ಬೆರೆಸಿದ್ದು. ಅದನ್ನು ಎತ್ತಿ ತಂದು ಕುಲುಮೆಯ ಅಂಚಿನಲ್ಲಿಟ್ಟ. ತಣ್ಣನೆಯ ಎಣ್ಣೆಗಿಂತ ಬೆಚ್ಚಗಿನದು ಪಿನ್ನಿಗೆ ಒಳ್ಳೆಯದು ನೋಡಿ, ಕಾಯಲು ಬಿಟ್ಟ. ವಾಸನೆ ಎದ್ದಿತು. ಬಾಗಿಲಿನಿಂದ ಹೊರಗೆ ಹೋಯಿತು, ಹಿತ್ತಲು ದಾಟಿತು...

ರೊಟ್ಟಿಯಿಲ್ಲ. ಹೆಸರಿಲ್ಲ.

ಮೊದಲ ಪಿನ್ನು ಅದ್ದಿದ. ಚೊಂಯ್ಯ್... ಆಮೇಲೆ ಗುಳುಗುಳು. ಎರಡನೆಯದು, ಮೂರನೆಯದು. ಏಳನೆಯದು ಮುಗಿಯುವ ಹೊತ್ತಿಗೆ ಹಿತ್ತಲ ನಾಯಿ ಒಳಗೆ ಬಂತು. ಬೊಗಳಲಿಲ್ಲ. ಮೆಲಿಸ್‌ನ ಬೂಟಿನ ಮೇಲೆ ಮೂತಿಯಿಟ್ಟು ಮಲಗಿಬಿಟ್ಟಿತು. ಗೇಟಿನ ಸರಪಳಿ ಕಿಣಿ ಎನ್ನಲಿಲ್ಲ.

"ಉಸ್ತಾ..."

ಕಸುಬುದಾರನನ್ನು ನಮ್ಮಲ್ಲಿ ಹಾಗೇ ಕರೆಯುವುದು. ಅದೇ ಪಿಸುದನಿ. ಈಗ ಬಾಗಿಲಲ್ಲಿ.

ಎಂಟನೇ ಪಿನ್ನು ಆಗ ತಾನೇ ಬೆಂಕಿಗೆ ಬಿದ್ದಿತ್ತು. ಬಣ್ಣ ನೋಡುತ್ತಲೇ ಇರಬೇಕು, ಕಣ್ಣು ತೆಗೆಯುವ ಹಾಗಿಲ್ಲ. "ಬಾ" ಅಂದ, ತಿರುಗದೆ. ಬಾಗಿಲಿಗೆ ಬಂದವನನ್ನು ನಾವು ಬೇಡ ಅನ್ನುವುದಿಲ್ಲವಲ್ಲ.

"ಎಣ್ಣೆ... ಯಾರ ಹೆಸರಿಗೆ?"

"ಯಾರ ಹೆಸರಿಗೂ ಅಲ್ಲ ಮಾರಾಯ. ಪಿನ್ನಿಗೆ."

ಮೆಲಿಸ್ ತಿದಿ ಒತ್ತಿದ.

"ಹಾಗಾದ್ರೆ ನಾನು ಕೂತ್ಕೋಬಹುದಾ?"

"ಕೂತ್ಕೋ. ಚಾ ಅಲ್ಲಿದೆ, ನೀನೇ ಬಗ್ಗಿಸ್ಕೋ."

ಚಾ ಬಗ್ಗಿಸಿದ ಸದ್ದು ಬರಲಿಲ್ಲ. ಬಂದದ್ದು ಮೂಗಿನಿಂದ ಉಸಿರು ಎಳೆದುಕೊಳ್ಳುವ ಸದ್ದು. ಉದ್ದಕ್ಕೆ... ಇನ್ನೂ ಉದ್ದಕ್ಕೆ... ಬಿಡುವ ಸದ್ದೇ ಇಲ್ಲ.

"ಎಲ್ಲಿಗೆ ಹೊರಟೆ?"

"ಬೋರಾಶು ಆಚೆ. ನಮ್ಮವ್ವನ್ನ ಕರ್ಕೊಂಡ್ ಬರೋಕೆ."

"ಒಂಬತ್ತನೇ ತಿರುವಲ್ಲಿ... ಒಳಕ್ಕೆ ಹಿಡಿ."

"ಗೊತ್ತು."

"ನಂಗೂ ಗೊತ್ತಿತ್ತು."

ಆಗ ಮೆಲಿಸ್ ತಿರುಗಿದ.

ಬಾಣಲೆಯ ಮುಂದೆ ಮಣೆಯ ಮೇಲೆ ಒಬ್ಬ ಕೂತಿದ್ದ, ಇವನಿಗೆ ಬೆನ್ನು ಮಾಡಿ. ಕುರಿತೊಗಲಿನ ಕೋಟು, ತೊಯ್ದು ತೊಪ್ಪೆ. ನೀರು ತಟ... ತಟ... ಎಂದು ನೆಲಕ್ಕೆ ಬೀಳುತ್ತಿತ್ತು. ಎಣ್ಣೆಯ ಹಬೆ ಅವನ ಕಡೆಗೆ ಹೋಗುತ್ತಿತ್ತು. ಹೋದದ್ದು ಆಚೆ ಬದಿಯಿಂದ ಬರುತ್ತಿರಲಿಲ್ಲ.

ಎಷ್ಟು ಹೊತ್ತು ನೋಡುತ್ತ ನಿಂತನೋ. ಬೆಂಕಿಯಲ್ಲಿ ಚಿಟಚಿಟ ಸದ್ದಾದಾಗ ಎಚ್ಚರ ಬಂತು. ಪಿನ್ನು ಬೆಳ್ಳಗೆ ಕಾದು ಕಿಡಿ ಉಗುಳುತ್ತಿತ್ತು. ಗಾಬರಿಯಲ್ಲಿ ಇಕ್ಕಳದಿಂದ ಎತ್ತಿ ಎಣ್ಣೆಗೆ ಹಾಕಿದ. ಚೊಂಯ್ ಎನ್ನುವ ಬದಲು ಒಳಗಿನಿಂದ ಸಣ್ಣಗೆ... ಟಿಣ್ ಎಂದಿತು.

"ಎಂಟನೇದು ಸುಟ್ಟೋಯ್ತು ಉಸ್ತಾ."

ಮೆಲಿಸ್ ಇಕ್ಕಳ ಕೆಳಗಿಟ್ಟ. ಕಸುಬಿನವನು ನೋಡಿ, ಬಾಯಿಗೆ ಬಂದದ್ದು ಕೆಲಸದ ಮಾತೇ. "ಇನ್ನೊಂದಕ್ಕೆ ಸರಳು ಉಳಿದಿಲ್ಲ... ಹೊತ್ತೂ ಇಲ್ಲ."

"ಹಾಕು. ಅದನ್ನ ನಾನು ಹಿಡ್ಕೋತೀನಿ."

ಕುಲುಮೆಯ ಕೆಂಡ ಒಮ್ಮೆ ಕುಸಿದು ಬೂದಿ ಹಾರಿತು. ಮೆಲಿಸ್ ಕಣ್ಣುಜ್ಜಿ ನೋಡಿದರೆ ಮಣೆ ಖಾಲಿ. ಕೆಳಗೆ ನೀರಿನ ಮಡು. ಬಾಣಲೆಯ ಎಣ್ಣೆ ಕಲ್ಲಿನ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು... ಈಗಷ್ಟೇ ಬೆಳ್ಳಗೆ ಕಾದ ಕಬ್ಬಿಣ ಹಾಕಿದ ಎಣ್ಣೆ! ಪಿನ್ನು ಅದರೊಳಗೆ ನೆಟ್ಟಗೆ ನಿಂತಿತ್ತು. ಉಳಿ ಸುತ್ತಿಗೆ ಹಿಡಿದು ಕೆತ್ತಿ ತೆಗೆಯಬೇಕಾಯಿತು.

ರಾತ್ರಿಯೆಲ್ಲ ಜೀಪಿನ ಕೆಳಗೆ ಬೆನ್ನ ಮೇಲೆ ಮಲಗಿ ಪಿನ್ನು ಕೂರಿಸಿದ. ಏಳು ಸರಿಯಾಗಿ ಕೂತವು. ಎಂಟನೆಯದನ್ನು ಕೈಯಲ್ಲಿ ಹಿಡಿದು ಇಡುತ್ತಾನೆ, ತೆಗೆಯುತ್ತಾನೆ. ಸುಟ್ಟ ಉಕ್ಕು ಗಾಜಿನ ಹಾಗೆ, ಬಾಗುವುದಿಲ್ಲ, ಮುರಿಯುತ್ತದೆ. ಹೊರಗೆ ಆಕಾಶ ನೋಡಿ ಬರುತ್ತಾನೆ, ಮತ್ತೆ ಮಲಗುತ್ತಾನೆ. ಅವ್ವನ ಕೆಮ್ಮು ಕಿವಿಯಲ್ಲಿ. ನಾಲ್ಕು ಗಂಟೆಗೆ ಹಿಂದಿನ ಎಡ ಕೊಂಡಿಗೆ ಅದನ್ನೇ ಹಾಕಿದ. ಹೊರಟ.

ಹೋಗುವಾಗ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಲ್ಲುಗಾವಲು ಮುಟ್ಟಿದ. ಅವನ ತಮ್ಮ ಅವ್ವನನ್ನು ಹೊದಿಕೆ ಸಮೇತ ಎತ್ತಿ ತಂದ. ಸೈರಾ ಕೈಚಾಚಿ ಗಾಡಿಯನ್ನು ಸವರಿದಳು, ಚಕ್ರದಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ.

"ಏನೋ ಇದು? ಒಂಟೆ ತಂದಿದೀಯಾ? ಬಾಗಿಲೆಲ್ಲಿ?"

"ಬೇಗ ಹತ್ತವ್ವಾ. ಹಿಮ ಆಗಲೇ ಶುರುವಾಯ್ತು."

"ಹತ್ತೋಕೆ ಏಣಿ ಮಾಡಿದೀಯೇನೋ? ಎಲ್ಲಾ ಮಾಡಿದೋನಿಗೆ ಅದೊಂದು ಬರ್ಲಿಲ್ಲ. ಮುಂದೆ ಬೇಡ, ನನ್ನನ್ನ ಹಿಂದೆ ಕೂರಿಸು. ಸಾವನ್ನ ಮೊದಲು ನೋಡೋ ಆಸೆ ನಂಗಿಲ್ಲ."

ಹಿಂದಿನ ಸೀಟಿನಲ್ಲಿ ಎಡಕ್ಕೆ ಕಾಲು ಚಾಚಿ ಕೂತಳು. ಮಡಿಲಲ್ಲಿ ರೊಟ್ಟಿಯ ಗಂಟು.

ಘಾಟಿ ಏರುವಷ್ಟರಲ್ಲಿ ಕತ್ತಲಾಯಿತು. ಹಿಮ ದಪ್ಪ ದಪ್ಪ ಬೀಳುತ್ತಿತ್ತು, ವೈಪರ್ ಕುಯ್... ಕುಯ್... ಎಂದು ಅಳುತ್ತಿತ್ತು. ನೆತ್ತಿ ದಾಟಿ ಇಳಿಜಾರು ಹಿಡಿದ. ಒಂದನೇ ತಿರುವು. ಎರಡು. ಐದು. ಮೆಲಿಸ್ ಬಾಯಲ್ಲೇ ಎಣಿಸುತ್ತಿದ್ದ. ಎಂಟು. ಎಡಗಡೆ ಬೇಲಿಯಿಲ್ಲ, ಕಲ್ಲಿಲ್ಲ. ಬರೀ ಕಪ್ಪು.

ಒಂಬತ್ತು. ಒಳಕ್ಕೆ ಹಿಡಿದ.

ಟಕ್.

ಸಣ್ಣ ಸದ್ದು. ಹಿಂದೆ, ಎಡಗಡೆ, ಕೆಳಗೆ. ಆ ಸದ್ದು ಯಾವುದು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನು ಹಿಂದಿನ ಎಡ ಮೂಲೆ ಕುಸಿಯಬೇಕು. ಗಾಡಿ ಆ ಕಡೆಗೆ ವಾಲಬೇಕು. ಸ್ಟೀರಿಂಗ್ ಬಿಗಿಹಿಡಿದ...

ವಾಲಲಿಲ್ಲ.

ಬ್ರೇಕು ಒತ್ತುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಕತ್ತೆ ನಡೆದ ಹಾಗೆ ಗಾಡಿ ಇಳಿಯುತ್ತಲೇ ಇತ್ತು. ಕಾದ ಎಣ್ಣೆಯ ವಾಸನೆ ಮೂಗಿಗೆ ಬಂತು.

"ಮೆಲಿಸ್..."

"ಮಾತಾಡ್ಬೇಡ ಅವ್ವಾ."

"ನಿನ್ ಜೊತೆ ಬಂದಿರೋನಿಗೆ ಹೇಳೋ, ಒಂಚೂರು ಆ ಕಡೆ ಸರೀಲಿ. ಮೈಯೆಲ್ಲಾ ಒದ್ದೆ. ನನ್ ಮೊಣಕಾಲು ಮರಗಟ್ಟೋಯ್ತು."

ಮುಂದಿನ ಕನ್ನಡಿ ಇತ್ತಲ್ಲ... ಮೆಲಿಸ್ ಕೈಯೆತ್ತಿ ಅದನ್ನು ಚಾವಣಿಯ ಕಡೆಗೆ ತಿರುಗಿಸಿಬಿಟ್ಟ.

"ಅವನ... ಅವನ ಪಾಡಿಗೆ ಬಿಡವ್ವಾ."

"ಪಾಪ, ರೊಟ್ಟಿ ಕೊಡೋಣ ಅಂದ್ರೆ ಎರಡು ಕೈನೂ ಕೆಳಗಿಟ್ಟು ಏನೋ ಹಿಡ್ಕೊಂಡಿದಾನೆ. ಬಿಡ್ತಾನೇ ಇಲ್ಲ. ನಾನೇ ಬಾಯಿಗಿಟ್ಟೆ. ಎಷ್ಟು ತಣ್ಣಗಿದೆಯೋ ತುಟಿ... ಏನಪ್ಪಾ ನಿನ್ನ ಹೆಸರು?"

ವೈಪರ್ ಕುಯ್ ಎಂದಿತು. ಮತ್ತೊಮ್ಮೆ ಕುಯ್.

"ಜಾಪರ್ ಅಂತೆ ಕಣೋ" ಅಂದಳು ಸೈರಾ. "ಒಳ್ಳೆ ಹೆಸರು. ಗಟ್ಟಿಯಾಗಿ ಹೇಳಪ್ಪಾ, ನಾಚ್ಕೋಬೇಡ."

ಮೆಲಿಸ್‌ಗೆ ಏನೂ ಕೇಳಿಸಿರಲಿಲ್ಲ.

ಆಮೇಲೆ ಊರವರೆಗೂ ಅವಳು ಜಾಪರ್ ಜೊತೆ ಮಾತಾಡುತ್ತಲೇ ಬಂದಳು. ತನ್ನ ಕಾಲುನೋವು, ಚಿಕ್ಕ ಮಗನ ಸೋಮಾರಿತನ, ನನ್ನ ಸುಳ್ಳುಗಳು. ಹೌದು, ಸತ್ತವನಿಗೂ ನನ್ನ ತೋಳದ ಕತೆ ಹೇಳಿದ್ದಾಳೆ. ಹಳೇ ಒರತೆ ಬಂತು. ವಿಲೋ ಮರ ಬಂತು. ಸರಿಯಾಗಿ ಮರದ ಕೆಳಗೆ...

ದೊಪ್!

ಜೀಪಿನ ಹಿಂದಿನ ಎಡ ಮೂಲೆ ನೆಲಕ್ಕೆ ಕುಸಿದು ಕೂತಿತು. ಇಂಜಿನ್ ನಿಂತಿತು. ಮಂಜುಗಡ್ಡೆಯ ಕೆಳಗೆ ನೀರು ಗುಳುಕ್ ಎಂದಿತು.

"ಜಾಪರ್ ಇಲ್ಲೇ ಇಳ್ಕೊಂಡ್ನಾ?" ಅಂದಳು ಸೈರಾ. "ಹೇಳದೇನೇ ಹೋದ ನೋಡು. ನೀನಾದ್ರೂ ಊಟಕ್ಕೆ ಬಾ ಅನ್ನಬೇಕಿತ್ತಪ್ಪ."

ಮೆಲಿಸ್ ಟಾರ್ಚು ಹಿಡಿದು ಕೆಳಗೆ ನುಸುಳಿದ. ಪಿನ್ನು ನಡುವೆ ಎರಡು ತುಂಡಾಗಿತ್ತು. ಮುರಿದ ಮುಖಗಳ ಮೇಲೆ ಬೆಳ್ಳನೆಯ ಕೊಬ್ಬು ಹೆಪ್ಪುಗಟ್ಟಿತ್ತು. ಒಂಬತ್ತನೇ ತಿರುವಿನಿಂದ ಒರತೆಯವರೆಗೆ ಹದಿನೆಂಟು ಕಿಲೋಮೀಟರ್. ಲಾಂದ್ರದ ಬೆಳಕು ಮುಟ್ಟಿದಷ್ಟು ದೂರ ಹಿಮದಲ್ಲಿ ಇವನ ಚಕ್ರದ ಗುರುತು ಎಡಕ್ಕೆ ಎಳೆದಿರಲಿಲ್ಲ. ನಾನೇ ಆ ರಾತ್ರಿ ಲಾಂದ್ರ ಹಿಡಿದು ಹೋಗಿ ಅವರನ್ನು ಕರೆತಂದವನು, ಕಣ್ಣಾರೆ ನೋಡಿದ್ದೇನೆ. ಮರುದಿನ ಬೋರಾಶು ಮುಚ್ಚಿತು.

ಅಂದಿನಿಂದ ಆ ಮನೆಯಲ್ಲಿ ಗುರುವಾರ ಎಣ್ಣೆ ಕಾದರೆ ಎರಡು ಹೆಸರು ಹೇಳುತ್ತಾರೆ. ಬುರುಲ್ ಮೊದಲು ಮೆಲಿಸ್‌ನ ಅಪ್ಪನ ಹೆಸರು ಹೇಳುತ್ತಾಳೆ, ಆಮೇಲೆ ಜಾಪರ್ ಅನ್ನುತ್ತಾಳೆ. ಸೈರಾ ಇನ್ನೂ ಇದ್ದಾಳೆ, ಕೆಮ್ಮೂ ಇದೆ, ಬಾಯಿಯೂ ಇದೆ. ನಂಬದಿದ್ದರೆ ಹೋಗಿ ಕೇಳಿ. ತಣ್ಣನೆಯ ತುಟಿ ಇತ್ತು ಅಂತಲೇ ಹೇಳುತ್ತಾಳೆ.

ಪಿನ್ನಿನ ಒಂದು ತುಂಡನ್ನು ಮೆಲಿಸ್ ಆ ಲಾರಿಯವನ ಗೋರಿಯ ಹತ್ತಿರ ಹೂತ. ಇನ್ನೊಂದು ತುಂಡು ನನ್ನ ಹತ್ತಿರ ಇದೆ. ಇಗೋ... ತಗೊಳ್ಳಿ, ಕೈಯಿಂದ ಕೈಗೆ ದಾಟಿಸಿ. ಒಲೆ ಪಕ್ಕ ಕೂತವರು ಬೇಕಾದರೆ ಬೆಂಕಿಗೆ ಹಿಡಿದು ನೋಡಿ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದೇನೆ. ಒಂಬತ್ತು ವರ್ಷದಿಂದ ಅದು ನನ್ನ ಒಳಜೇಬಿನಲ್ಲಿ, ಎದೆಗೆ ತಾಗಿಕೊಂಡೇ ಇದೆ.

ಇನ್ನೂ ಬೆಚ್ಚಗಾಗಿಲ್ಲ.